ತುಕ್ಕುಬೋಲ್ಟು ಮೀಮಾಂಸೆ

ಹಿಡಿದು ಕೂತ ಬೋಲ್ಟಿನ ವಿಷಯದಲ್ಲಿ ಲೋಕಾನುಭವ ಬೇಕಾದಷ್ಟಿದೆ, ಶಾಸ್ತ್ರ ಮಾತ್ರ ಇಲ್ಲ. ಛಂದಸ್ಸಿಗೆ ನಾಗವರ್ಮನಿದ್ದಾನೆ, ವ್ಯಾಕರಣಕ್ಕೆ ಕೇಶಿರಾಜನಿದ್ದಾನೆ. ಸೈಲೆನ್ಸರಿನ ಹತ್ತು ನಂಬರ್ ನಟ್ಟಿಗೆ ಯಾರಿದ್ದಾರೆ? ಈ ಕೊರತೆ ನೀಗಲೆಂದು ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರವನ್ನು, ಅಂದರೆ ಜನರ ಬಾಯಲ್ಲಿ ಎಚ್.ಡಿ.ಪುರವನ್ನು, ಅಧ್ಯಯನಕ್ಷೇತ್ರವಾಗಿ ಆರಿಸಿಕೊಂಡು ಈ ಪ್ರಬಂಧ ರಚಿಸಲಾಗಿದೆ. ಕ್ಷೇತ್ರಕಾರ್ಯದ ವೆಚ್ಚವನ್ನು ಯಾವ ವಿಶ್ವವಿದ್ಯಾಲಯವೂ ಭರಿಸಿಲ್ಲ. ಚಹಾದ ವೆಚ್ಚವನ್ನು ವೆಲ್ಡಿಂಗ್ ಶಾಪಿನವರು ಭರಿಸಿದ್ದಾರೆ.

ಮೊದಲು ಅಧಿಕಾರಿ ನಿರ್ಣಯ. ಮೆಕ್ಯಾನಿಕ್ಕನಿಗೆ ಈ ಶಾಸ್ತ್ರ ಬೇಕಿಲ್ಲ. ಅವನ ಕೈಯೇ ಶಾಸ್ತ್ರ. ಗಾಡಿಯನ್ನು ನೇರ ಗ್ಯಾರೇಜಿಗೆ ತಳ್ಳಿಕೊಂಡು ಹೋಗುವವನಿಗೂ ಬೇಕಿಲ್ಲ. ಅವನ ಹತ್ತಿರ ದುಡ್ಡಿದೆ. ಭಾನುವಾರ ತಿಂಡಿ ಮುಗಿಸಿ, ಲುಂಗಿ ಎತ್ತಿ ಕಟ್ಟಿ, ಅಂಗಳದಲ್ಲಿ ಗೋಣಿಚೀಲ ಹಾಸಿ, ‘ಇಷ್ಟಕ್ಕೆಲ್ಲ ಗ್ಯಾರೇಜಿಗೆ ಯಾಕೆ ಹೋಗ್ಬೇಕು’ ಎಂದು ಒಳಗಿದ್ದವರಿಗೆ ಕೇಳುವಂತೆ ಹೇಳಿ ಕೂರುತ್ತಾನಲ್ಲ, ಅವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಅವನ ಬಳಿ ಇರುವುದು ಒಂದು ಹತ್ತು-ಹನ್ನೊಂದರ ಪಾನಾ, ಬಾಯಿ ಅಗಲವಾದ ಇನ್ನೊಂದು ಪಾನಾ, ಕಟಿಂಗ್ ಪ್ಲೇಯರ್ ಮತ್ತು ಆತ್ಮವಿಶ್ವಾಸ. ಇವುಗಳಲ್ಲಿ ಹೆಚ್ಚು ಬೋಲ್ಟುಗಳನ್ನು ಮುರಿದ ಖ್ಯಾತಿ ಕೊನೆಯದಕ್ಕೇ ಸಲ್ಲುತ್ತದೆ.

ಇನ್ನು ಕಾರಣ ವಿಚಾರ. ತುಕ್ಕಿಗೆ ಕಬ್ಬಿಣ, ನೀರು, ಆಮ್ಲಜನಕ ಮೂರೂ ಬೇಕು. ಇಲ್ಲೊಂದು ಪೂರ್ವಪಕ್ಷ ಏಳುತ್ತದೆ: ಮಂಗಳೂರಿನ ಗಾಡಿಗೆ ತುಕ್ಕು ಹಿಡಿದರೆ ಸಮುದ್ರವನ್ನು ಬೈಯಬಹುದು. ನಮ್ಮ ಚಿತ್ರದುರ್ಗ ಬರದ ಜಿಲ್ಲೆ, ಬೋರು ಕೊರೆಸಿದರೆ ಧೂಳು ಮೊದಲು ಬರುವ ಸೀಮೆ. ಬೆಳೆಗೆ ಸಿಗದ ನೀರು ಬೋಲ್ಟಿಗೆ ಎಲ್ಲಿಂದ ಸಿಕ್ಕಿತು? ಇದಕ್ಕೆ ಸಮಾಧಾನ: ಸಮುದ್ರವನ್ನು ನಾವೇ ಚೀಲದಲ್ಲಿ ಹೊತ್ತು ತರುತ್ತೇವೆ. ಗೊಬ್ಬರದಂಗಡಿಯಿಂದ ಎಕ್ಸೆಲ್ ಗಾಡಿಯ ಮೇಲೆ ಸವಾರಿ ಬರುವ ಪೊಟ್ಯಾಷ್ ಚೀಲದಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಖಾಸಾ ದಾಯಾದಿ. ಕಡಲತೀರದಲ್ಲಿ ಕಬ್ಬಿಣವನ್ನು ತಿನ್ನುವ ಕ್ಲೋರೈಡೇ ಇದರೊಳಗೂ ಇರುವುದು. ಯೂರಿಯಾಕ್ಕಂತೂ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವ ಚಟ. ಚೀಲದ ಮೂಲೆ ಹರಿದು ನಾಲ್ಕು ಕಾಳು ಫುಟ್‌ಬೋರ್ಡಿನ ಸಂದಿಗೆ ಬಿದ್ದರೆ ಮುಗಿಯಿತು. ಅದರ ಮೇಲೆ ಹಸಿ ಹುಲ್ಲಿನ ಹೊರೆ, ಹಾಲಿನ ಕ್ಯಾನು, ತಿಪ್ಪೆಗೊಬ್ಬರ, ಹಬ್ಬಕ್ಕೊಮ್ಮೆ ಗಡಸು ಬೋರ್ ನೀರಿನ ಸ್ನಾನ. 1980ರಲ್ಲಿ ಟಿವಿಎಸ್ 50 ಬಂದಾಗ ಇಬ್ಬರು ಕೂರಬಹುದಾದ ಮೊಪೆಡ್ ಎಂದು ಅದಕ್ಕೆ ಹೆಸರಾಗಿತ್ತು. ಅದರ ವಂಶದ ಈ ಎಕ್ಸೆಲ್ ಗಾಡಿಯ ಮೇಲೆ ನಮ್ಮಲ್ಲಿ ಕೂರುವುದು ಒಬ್ಬ ಮನುಷ್ಯ ಮತ್ತು ಅವನ ಇಡೀ ಹೊಲ.

ಕಬ್ಬಿಣ ತುಕ್ಕಾಗುವಾಗ ಗಾತ್ರದಲ್ಲಿ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಬಯಲಲ್ಲಿ ಉಬ್ಬಿದ್ದು ಚಕ್ಕೆಯಾಗಿ ಉದುರುತ್ತದೆ. ನಟ್ಟಿನೊಳಗೆ, ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿದ್ದಕ್ಕೆ ಹೋಗಲು ಜಾಗವಿಲ್ಲ, ಅಲ್ಲೇ ಬೆಣೆಯಾಗಿ ಕೂರುತ್ತದೆ. ಅಲ್ಯೂಮಿನಿಯಂ ಇಂಜಿನ್ನಿನಲ್ಲಿ ಉಕ್ಕಿನ ಬೋಲ್ಟು ಕೂತಿದ್ದರೆ ಕಥೆಯೇ ಬೇರೆ: ಅಲ್ಲಿ ಸವೆಯುವುದು ಅಲ್ಯೂಮಿನಿಯಂ, ಅದು ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷದಿಂದ ತುಕ್ಕಿಗೆ ಜಗ್ಗದೆ ನಿಂತಿರುವುದು ಅದರಲ್ಲಿರುವ ರಂಜಕದ ದೆಸೆಯಿಂದ ಎನ್ನುತ್ತಾರೆ ಲೋಹಶಾಸ್ತ್ರಜ್ಞರು. ಅದರ ಮೇಲೆ ಯಾರೂ ಪೊಟ್ಯಾಷ್ ಹೇರಿಲ್ಲ ಎಂಬುದನ್ನು ಆ ವಿದ್ವಾಂಸರು ಪರಿಗಣಿಸಿದಂತಿಲ್ಲ.

(ನಟ್ಟು ಬೋಲ್ಟು ಒಂದಾಗುವುದನ್ನು ಅದ್ವೈತವೆಂದು ಬಣ್ಣಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಶಂಕರರ ಯಾವ ಭಾಷ್ಯದಲ್ಲೂ ಪಾನಾದ ಪ್ರಸ್ತಾಪವಿಲ್ಲವಾದ್ದರಿಂದ ಆ ದಾರಿಯನ್ನು ಇಲ್ಲಿ ಕೈಬಿಡಲಾಗಿದೆ.)

ಬಿಚ್ಚುವ ವಿಷಯದಲ್ಲಿ ಊರಲ್ಲಿ ಮತಭೇದ ವಿಪರೀತ. ಎಲ್ಲಕ್ಕಿಂತ ಜನಪ್ರಿಯವಾದದ್ದು ಪೈಪ್ ಮತ. ಈ ಮತದವರು ಸ್ವತಃ ಏನನ್ನೂ ಬಿಚ್ಚುವುದಿಲ್ಲ. ದಾರಿಯಲ್ಲಿ ಹೋಗುತ್ತ ನಿಲ್ಲುತ್ತಾರೆ.

‘ಏನ್ ಮಾವಾ, ಬರ್ತಿಲ್ವಾ?’

‘ಹಿಡ್ಕಂಬಿಟ್ಟೈತೆ ಕಣೋ.’

‘ಪೈಪ್ ಹಾಕು ಪೈಪು. ಅದ್ಯಾಕ್ ಬರಲ್ಲ ನೋಡಾಣ.’

ಸನ್ನೆಗೋಲಿನ ತತ್ವ ಆರ್ಕಿಮಿಡೀಸನ ಕಾಲದಿಂದ ನಿಜವೇ. ಆದರೆ ಲೆಕ್ಕ ನೋಡಿ. ಹತ್ತು ನಂಬರ್ ತಲೆಯ ಬೋಲ್ಟಿನ ಒಡಲು ಸಾಮಾನ್ಯವಾಗಿ ಆರು ಮಿಲಿಮೀಟರ್ ದಪ್ಪ. ಅದನ್ನು ಬಿಗಿಯಲು ಬೇಕಾದದ್ದು ಸುಮಾರು 10 ನ್ಯೂಟನ್ ಮೀಟರ್. ಒಂದೂವರೆ ಅಡಿ ಪೈಪಿನ ತುದಿಗೆ ಇಪ್ಪತ್ತು ಕಿಲೋ ಭಾರ ಬಿಟ್ಟರೆ ಬೋಲ್ಟಿನ ಮೇಲೆ ಬೀಳುವುದು ಹೆಚ್ಚುಕಡಿಮೆ 90. ನಮ್ಮ ಮಾವನವರು ಬಿಡುವುದು ಇಪ್ಪತ್ತು ಕಿಲೋವಲ್ಲ, ಪೂರ್ತಿ ತಮ್ಮನ್ನೇ. ಪರಿಣಾಮವನ್ನು ವರ್ಣಿಸುವ ಅಗತ್ಯವಿಲ್ಲ. ಸಲಹೆ ಕೊಟ್ಟವನು ಅಷ್ಟು ಹೊತ್ತಿಗೆ ಬಸ್‌ಸ್ಟ್ಯಾಂಡ್ ತಲುಪಿರುತ್ತಾನೆ.

ಎರಡನೆಯದು ತೈಲ ಮತ. ಹಳಬರು ಸೀಮೆಎಣ್ಣೆ ಎನ್ನುತ್ತಾರೆ. ನ್ಯಾಯಬೆಲೆ ಅಂಗಡಿಯಲ್ಲಿ ಸೀಮೆಎಣ್ಣೆಯ ಸಾಲು ಕರಗಿದ ಮೇಲೆ ಅದರ ಪೀಠಕ್ಕೆ ಡೀಸೆಲ್ ಬಂದಿದೆ. ಹುಡುಗರದು ಡಬ್ಲ್ಯೂಡಿ-40. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಲವತ್ತನೆಯ ಪ್ರಯತ್ನಕ್ಕೆ ಕೂಡಿಬಂದ ದ್ರವ ಅದು. ಅದನ್ನು ಮಾಡಿದ್ದು ಬೋಲ್ಟು ಬಿಚ್ಚಲಿಕ್ಕಲ್ಲ, ಲೋಹದ ಮೇಲಿನ ನೀರನ್ನು ಹೊರಗಟ್ಟಲು. ಮೊದಲ ದಿನಗಳಲ್ಲಿ ಅಟ್ಲಾಸ್ ಕ್ಷಿಪಣಿಯ ಮೈಗೆ ಬಳಿಯುತ್ತಿದ್ದರು. ಕ್ಷಿಪಣಿ ಹಾರಿತು, ನಮ್ಮ ಚೈನ್ ಕವರಿನ ಬೋಲ್ಟು ಅಲ್ಲೇ ಇದೆ. ತೆಂಗಿನ ಸೀಮೆಯಾದ ಹೊಸದುರ್ಗದ ಕಡೆಯಿಂದ ಬರುವ ಬೀಗರು ಕೊಬ್ಬರಿ ಎಣ್ಣೆಯ ಪರ ವಾದಿಸುವುದು ಸಹಜ. ಆದರೆ ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಮಾಘದ ಬೆಳಗಿನಲ್ಲಿ ತುಕ್ಕಿನ ಕಡೆಗೇ ಸೇರಿಕೊಳ್ಳುತ್ತದೆ. ಅಡಿಕೆ ಬೇಯಿಸಿದ ಚೊಗರು ಬಿಟ್ಟರೆ ಹೇಗೆಂದು ಹೊಳಲ್ಕೆರೆಯವನೊಬ್ಬ ಕೇಳಿದ್ದುಂಟು. ಚೊಗರಿನಲ್ಲಿರುವ ಟ್ಯಾನಿನ್ ತುಕ್ಕಿನ ಜೊತೆ ಸೇರಿ ಕಪ್ಪು ಪದರವಾಗುತ್ತದೆ, ಇನ್ನಷ್ಟು ತುಕ್ಕನ್ನು ತಡೆಯುತ್ತದೆ, ಬೋಲ್ಟನ್ನು ಬಿಡಿಸುವುದಿಲ್ಲ. ಕಪ್ಪಗೆ ಹಿಡಿದುಕೊಂಡಿರುತ್ತದೆ, ಅಷ್ಟೇ.

ಮೂರನೆಯದು ‘ಇರ್ಲಿ ಬಿಡು’ ಮತ. ನಾಲ್ಕು ಬೋಲ್ಟಿನಲ್ಲಿ ಮೂರು ಬಂದರೆ ಸಾಕೆನ್ನುವ ಇದರ ಅನುಯಾಯಿಗಳೇ ಬಹುಸಂಖ್ಯಾತರು.

ಈಗ ಸಿದ್ಧಾಂತ. ಇದಕ್ಕೆ ಆಧಾರ ಊರಿನ ದೇವರಾದ ಲಕ್ಷ್ಮೀನರಸಿಂಹಸ್ವಾಮಿ. ಜಾತ್ರೆಯಲ್ಲಿ ತೇರು ಎಳೆದು ಮನೆಗೆ ಬಂದು ಪೈಪು ಹುಡುಕುವ ಭಕ್ತರು ಆ ಅವತಾರದ ತಾತ್ಪರ್ಯವನ್ನೇ ಗಮನಿಸಿಲ್ಲ ಎಂಬುದು ಪ್ರಬಂಧಕಾರನ ಆಕ್ಷೇಪ. ಹಿಡಿದು ಕೂತ ಬೋಲ್ಟೆಂದರೆ ವರ ಪಡೆದ ಹಿರಣ್ಯಕಶಿಪು. ಬಿಚ್ಚುವುದರಿಂದ ಸಾವಿಲ್ಲ, ಬಿಗಿಯುವುದರಿಂದ ಸಾವಿಲ್ಲ; ಬಿಸಿಯಿಂದಲೂ ಇಲ್ಲ, ತಣ್ಣಗಿನಿಂದಲೂ ಇಲ್ಲ; ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಎದುರು ನಿಂತು ತೋಳ್ಬಲ ತೋರಿಸಿದವರೆಲ್ಲ ಸೋತರು. ವರದ ಸಂದಿ ಹುಡುಕಿದವನು ಗೆದ್ದ.

ಹಾಗಾಗಿ ಬಿಚ್ಚಲು ಹೊರಟವನು ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆ ತಿರುಗಿಸಬೇಕು. ತುಕ್ಕಿನ ಬೆಣೆ ಬಿರುಕು ಬಿಡುವುದು ಆಗಲೇ. ಆಮೇಲೆ ಬಿಚ್ಚುವ ಕಡೆಗೆ ಅಷ್ಟೇ, ಮತ್ತೆ ವಾಪಸ್ಸು, ನಡುವೆ ಎರಡು ಹನಿ ಎಣ್ಣೆ. ಬಿಚ್ಚುವುದೂ ಅಲ್ಲದ ಬಿಗಿಯುವುದೂ ಅಲ್ಲದ ಈ ಕ್ರಿಯೆಯಲ್ಲಿ ಕೆಂಪು ಪುಡಿ ಎಣ್ಣೆಯೊಡನೆ ಕಲಸಿ ರಾಗಿ ಅಂಬಲಿಯ ಹದದಲ್ಲಿ ಹೊರಬರತೊಡಗಿದರೆ ಅಸುರನ ಆಯುಸ್ಸು ಮುಗಿಯಿತೆಂದು ತಿಳಿಯಿರಿ. ಬಿಸಿ ಮಾಡುವುದಾದರೆ ಬೋಲ್ಟನ್ನಲ್ಲ, ಸುತ್ತಲಿನ ನಟ್ಟನ್ನು. ಹತ್ತು ಮಿಲಿಮೀಟರಿನ ಉಕ್ಕು 500 ಡಿಗ್ರಿ ಕಾದರೆ ಹಿಗ್ಗುವುದು 0.06 ಮಿಲಿಮೀಟರ್ ಮಾತ್ರ. ತೂತು ಅಷ್ಟು ಅಗಲವಾದರೂ ಸಾಕು, ಕಚ್ಚಿದ ಹಲ್ಲು ಸಡಿಲವಾಗುತ್ತದೆ. ಎಣ್ಣೆ ಬಿಡುವುದು ಕೆಂಪಗೆ ಕಾದಾಗಲ್ಲ, ಆಗ ಹೊತ್ತಿಕೊಳ್ಳುತ್ತದೆ. ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಉಗುರುಬೆಚ್ಚಗಿನ ಸಂಧಿಕಾಲದಲ್ಲಿ. ಪೆಟ್ರೋಲ್ ಪೈಪು, ಟ್ಯಾಂಕು ಹತ್ತಿರವಿದ್ದರೆ ಅಗ್ನಿಕಾರ್ಯವೇ ನಿಷಿದ್ಧ. ಸುತ್ತಿಗೆಯ ಪಾತ್ರ ಬೋಲ್ಟಿನ ನೆತ್ತಿಗೆ ಸಣ್ಣಗೆ, ಪುನಃ ಪುನಃ ತಟ್ಟುವುದಕ್ಕೆ ಸೀಮಿತ. ಎಣ್ಣೆ ತೆಳುವಾದಷ್ಟೂ ಸಂದಿಗಳಲ್ಲಿ ತಾನಾಗಿ ಹರಿಯುತ್ತದೆ, ಆದರೆ ಹೊತ್ತು ಹಿಡಿಯುತ್ತದೆ: ಸಂಜೆ ದೀಪ ಹಚ್ಚುವಾಗ ಬಿಟ್ಟರೆ ಬೆಳಗ್ಗೆ ಪಾನಾ ಹಿಡಿಯಬೇಕು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ಜಿಲ್ಲೆಯವರಿಗೆ ಒಂದು ರಾತ್ರಿ ಕಾಯಲಾಗುವುದಿಲ್ಲ ಎಂಬುದು ಸಮಾಜಶಾಸ್ತ್ರಜ್ಞರಿಗೆ ಬಿಟ್ಟ ವಿಷಯ.

ಬೋಲ್ಟು ಬರುತ್ತಿದೆಯೋ ಮುರಿಯುತ್ತಿದೆಯೋ ತಿಳಿಯಲು ಕಿವಿಗಿಂತ ದೊಡ್ಡ ಪ್ರಮಾಣವಿಲ್ಲ. ‘ಟಣ್’ ಎಂದು ಸಿಡಿದು, ಆಮೇಲೂ ಕಿರುಗುಟ್ಟುತ್ತ ಬಿಗಿಯಾಗಿಯೇ ತಿರುಗಿದರೆ ಶುಭ. ಸದ್ದೇ ಇಲ್ಲದೆ, ಸುಖವಾಗಿ, ರಬ್ಬರಿನ ಹಾಗೆ ಕೈಗೆ ಬಂದರೆ ಅಲ್ಲೇ ನಿಲ್ಲಿಸಿ. ತಿರುಗುತ್ತಿರುವುದು ಬೋಲ್ಟಲ್ಲ, ತಿರುಚಿಕೊಳ್ಳುತ್ತಿರುವ ಅದರ ಕುತ್ತಿಗೆ. ಎಡಥ್ರೆಡ್ಡಿನ ಅಪವಾದಗಳೂ ಇವೆ, ಸೈಕಲ್ಲಿನ ಎಡಗಡೆ ಪೆಡಲು ಅದಕ್ಕೆ ಶಾಸ್ತ್ರೋಕ್ತ ಉದಾಹರಣೆ.

ಮುರಿದೇ ಹೋದರೆ? ಮುರಿದ ಮೋಟಿನ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿಸಿದರೆ ಹಿಡಿಯಲು ತಲೆ ಸಿಗುತ್ತದೆ, ವೆಲ್ಡಿಂಗಿನ ಕಾವಿಗೆ ತುಕ್ಕೂ ಸಡಿಲುತ್ತದೆ. ಅದೂ ಆಗದಿದ್ದರೆ ಡ್ರಿಲ್ಲು, ಟ್ಯಾಪು, ಲೇತು. ಲೇತಿನ ವಿಷಯದಲ್ಲಿ ನಮ್ಮ ಸೀಮೆಗೊಂದು ಹೆಮ್ಮೆಯಿದೆ: 1941ರಲ್ಲಿ ಶುರುವಾಗಿ ಲೇತುಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಇದ್ದದ್ದು ಹರಿಹರದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಹರಿಹರ ಚಿತ್ರದುರ್ಗ ಜಿಲ್ಲೆಯದೇ. ಜಿಲ್ಲೆ ಒಡೆದಾಗ ಲೇತು ಅವರ ಪಾಲಿಗೆ ಹೋಯಿತು, ಮುರಿದ ಬೋಲ್ಟು ನಮ್ಮ ಪಾಲಿಗೆ ಉಳಿಯಿತು.

ಬಿಚ್ಚಿದ ಬೋಲ್ಟನ್ನು ವಾಪಸ್ ಹಾಕುವಾಗ ಥ್ರೆಡ್ಡನ್ನು ತಂತಿಬ್ರಷ್ಷಿನಲ್ಲಿ ಉಜ್ಜಿ ಚೂರು ಗ್ರೀಸ್ ಸವರಿದರೆ ಈ ಪ್ರಬಂಧದ ಅಗತ್ಯವೇ ಬೀಳುವುದಿಲ್ಲ. ಗ್ರೀಸ್ ಬ್ರೇಕಿಗೆ ತಾಗದಂತೆ ನೋಡಿಕೊಳ್ಳಿ. ಕಡೆಯದಾಗಿ, ಕ್ಷೇತ್ರಕಾರ್ಯದ ನಡುವೆ ‘ಐದ್ ನಿಮಿಷ, ಕೊಟ್ಬಿಡ್ತೀನಿ’ ಎಂದು ಹತ್ತು-ಹನ್ನೊಂದರ ಪಾನಾ ಒಯ್ದವರು ದಯವಿಟ್ಟು ಅದನ್ನು ವೆಲ್ಡಿಂಗ್ ಶಾಪಿನಲ್ಲಿ ಕೊಟ್ಟು ಹೋಗಬೇಕಾಗಿ ವಿನಂತಿ.