ಫಾರ್ಮ್ಯಾಟ್ ಭಾವ

ಬಳಗದಲ್ಲಿ ಯಾರ ಮನೆಯ ಕಂಪ್ಯೂಟರ್ ಆನ್ ಆಗದೆ ಹೋದರೂ ಮೊದಲ ಫೋನ್ ಭಾವನಿಗೆ. ಅಂಗಡಿಯವನಿಗಲ್ಲ; ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಮಗನಿಗಂತೂ ಅಲ್ಲವೇ ಅಲ್ಲ. ಅವನನ್ನು ಕೇಳಿ ನೋಡಿ ಆಗಿದೆ. ‘ನಂದು ಸಾಫ್ಟ್‌ವೇರು ಅಪ್ಪಾ, ಅದು ಹಾರ್ಡ್‌ವೇರು’ ಅಂದು ಕೈ ತೊಳೆದುಕೊಂಡಿದ್ದಾನೆ. ಭಾವ ಹಾಗೆ ಜಾತಿ ಕೇಳುವವರಲ್ಲ. ಓದಿದ್ದು ಬಿಕಾಂ, ರಿಟೈರ್ ಆಗಿದ್ದು ಬ್ಯಾಂಕಿನಿಂದ. ಶಾಖೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಮಿಕ್ಕವರೆಲ್ಲ ದೂರ ನಿಂತಿದ್ದಾಗ ಇವರೊಬ್ಬರು ಹೋಗಿ ಮುಟ್ಟಿದರಂತೆ. ಆ ಮುಟ್ಟಿದ ಕೈ ಇನ್ನೂ ಹಿಂದಕ್ಕೆ ಬಂದಿಲ್ಲ.

ಇಂಥವರು ನಿಮ್ಮ ಬಳಗದಲ್ಲೂ ಇದ್ದಾರೆ. ನಿಮಗೆ ಚಿಕ್ಕಪ್ಪನೋ, ಷಡ್ಡಕರೋ, ಮಹಡಿ ಮೇಲಿನ ಮನೆಯ ರಾಯರೋ ಆಗಿರಬಹುದು. ಗುರುತು ಹಿಡಿಯುವುದು ಸುಲಭ. ಇವರು ಕೈ ಹಾಕಿದ ಮನೆಯ ಸಿಪಿಯು ಡಬ್ಬಿಗೆ ಪಕ್ಕದ ಮುಚ್ಚಳ ಇರುವುದಿಲ್ಲ. ‘ಹೇಗಿದ್ದರೂ ಮತ್ತೆ ಬಿಚ್ಚಬೇಕಲ್ಲ’ ಎಂಬ ದೂರದೃಷ್ಟಿ. ಮುಚ್ಚಳ ಅಟ್ಟದ ಮೇಲೆ ಹೋಗಿ, ಹಪ್ಪಳ ಒಣಗಿಸುವ ಕಾಲಕ್ಕೆ ಕೆಳಗಿಳಿಯುತ್ತದೆ.

ಚಿಕಿತ್ಸೆ ಫೋನಿನಲ್ಲೇ ಶುರು.

‘ಬೀಪ್ ಬಂತಾ?’

‘ಬಂತು ಭಾವ.’

‘ಎಷ್ಟು? ಉದ್ದದ್ದಾ, ಗಿಡ್ಡದ್ದಾ?’

ಇದು ನಾಡಿ ಹಿಡಿದು ನೋಡುವ ಪಂಡಿತರ ಪ್ರಶ್ನೆ. ಒಂದೇ ಒಂದು ಗಿಡ್ಡ ಬೀಪ್ ಆದರೆ ಸಾಮಾನ್ಯವಾಗಿ ಒಳಗೆಲ್ಲ ಕ್ಷೇಮ. ಉದ್ದುದ್ದವಾಗಿ ಬಿಡದೆ ಕೂಗಿದರೆ ಬಹುಮಟ್ಟಿಗೆ ರ‍್ಯಾಮ್ ಸರಿಯಾಗಿ ಕೂತಿಲ್ಲ. ಮಿಕ್ಕಿದ್ದು ಬೋರ್ಡಿಗೊಂದು ಲೆಕ್ಕ. ಇತ್ತ ಮನೆಯಲ್ಲಿ ಬೀಪು ಎಣಿಸುವ ವಿಷಯಕ್ಕೆ ಜಗಳ ಹತ್ತಿಕೊಳ್ಳುತ್ತದೆ. ಮಗಳು ಎರಡು ಅನ್ನುತ್ತಾಳೆ, ಅಜ್ಜಿ ಮೂರು ಅನ್ನುತ್ತಾರೆ. ಅಜ್ಜಿ ಎಣಿಸಿದ್ದರಲ್ಲಿ ಒಂದು ಕುಕ್ಕರಿನದು. ‘ನಾನೇ ಬರ್ತೀನಿ, ಏನೂ ಮುಟ್ಬೇಡಿ’ ಅಂತ ಭಾವ ಫೋನ್ ಇಡುತ್ತಾರೆ. ಸಂಜೆ ತಿಂಡಿಗೆ ಏನು ಅಂತ ಕೇಳಿಕೊಂಡ ಮೇಲೆ.

ಅವರ ಚೀಲದಲ್ಲಿ ಏನೇನಿದೆ ಅಂತ ಈಗ ಎಲ್ಲರಿಗೂ ಬಾಯಿಪಾಠ. ಸ್ಟಾರ್ ಸ್ಕ್ರೂಡ್ರೈವರ್, ಬಣ್ಣ ಬಳಿಯುವ ಬ್ರಶ್ಶು, ಪೆನ್ ಡ್ರೈವು, ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಒಂದಿಷ್ಟು ವೈರು, ಮೇಲೆ ಮಾರ್ಕರಿನಲ್ಲಿ ‘ಎಕ್ಸ್‌ಪಿ ಒಳ್ಳೇದು’ ಅಂತ ಬರೆದಿರುವ ಒಂದು ಸಿಡಿ. ವಿಂಡೋಸ್ ಎಕ್ಸ್‌ಪಿಗೆ ಕಂಪನಿ 2014ರ ಏಪ್ರಿಲ್ 8ಕ್ಕೇ ಎಳ್ಳುನೀರು ಬಿಟ್ಟಿದೆ. ಭಾವ ಬಿಟ್ಟಿಲ್ಲ.

ಹಾಲಿನಲ್ಲಿ ನ್ಯೂಸ್‌ಪೇಪರ್ ಹಾಸಿ ಡಬ್ಬಿಯನ್ನು ಮಲಗಿಸಿದರು ಅಂದರೆ ಮನೆ ಮಂದಿಯೆಲ್ಲ ಸುತ್ತ ಸೇರುತ್ತಾರೆ. ಮೊದಲು ಬ್ರಶ್ಶಿನಲ್ಲಿ ಧೂಳು ಹೊಡೆಯುವುದು, ಸೀನುವುದು, ಫ್ಯಾನಿನ ಹಿಂದೆ ಸಂಸಾರ ಹೂಡಿದ್ದ ಜಿರಲೆಗಳನ್ನು ತೋರಿಸಿ ಮನೆಯವಳ ಕಡೆ ಒಂದು ನೋಟ. ಆಮೇಲೆ ಅಸಲು ಕೆಲಸ. ರ‍್ಯಾಮಿನ ಎರಡೂ ತುದಿಯ ಕ್ಲಿಪ್ಪನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಪಟ್ಟಿ ತಾನೇ ಎದ್ದು ಬರುತ್ತದೆ. ಅದರ ಕೆಳಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು. ‘ಮರೀ, ಒಂದು ರಬ್ಬರ್ ಕೊಡು’ ಅಂದಾಗ ಹುಡುಗ ಕಂಪಾಸ್ ಬಾಕ್ಸಿನಿಂದ ಒಂದು ಕಡೆ ಕಚ್ಚಿರುವ ರಬ್ಬರನ್ನೇ ಕೊಡುತ್ತಾನೆ. ಭಾವ ಕನ್ನಡಕ ಹಣೆಗೇರಿಸಿ, ಆ ಹಲ್ಲುಗಳನ್ನು ಒಂದೇ ದಿಕ್ಕಿಗೆ, ಮೇಲಿಂದ ಕೆಳಕ್ಕೆ, ಮೆಲ್ಲಗೆ ಉಜ್ಜುತ್ತಾರೆ. ರಬ್ಬರಿನ ಪುಡಿ ಕಪ್ಪಾಗಿ ಉದುರುತ್ತದೆ. ಊದುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ಉಜ್ಜುತ್ತಾರೆ. ಮತ್ತೆ ಸ್ಲಾಟಿಗೆ ತೂರಿಸಿ ‘ಟಕ್’ ಅನ್ನಿಸಿ ಸ್ವಿಚ್ ಒತ್ತಿದರೆ, ನಂಬಿ, ಎಷ್ಟೋ ಸಲ ಪರದೆ ಹೊತ್ತಿಕೊಂಡುಬಿಡುತ್ತದೆ. ಹಲ್ಲಿನ ಮೇಲೆ ಕೂತ ಕಿಲುಬು, ಕೊಳೆ ಕರೆಂಟಿಗೆ ಅಡ್ಡ ಬರುತ್ತಿತ್ತು, ಅಷ್ಟೇ. ಎರಡು ರೂಪಾಯಿಯ ರಬ್ಬರಿಗೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿರಲಾರದು.

ಅದಕ್ಕೂ ಏಳದಿದ್ದರೆ ಎಸ್‌ಎಂಪಿಎಸ್. ಒಳಗೆ ಕರೆಂಟು ಹಂಚುವ ಆ ಡಬ್ಬಿಯನ್ನು ಬೋರ್ಡಿನಿಂದ ಬಿಡಿಸಿ, ಹಸಿರು ವೈರಿಗೂ ಕಪ್ಪು ವೈರಿಗೂ ಯು-ಪಿನ್ನು ಸಿಕ್ಕಿಸಿದರೆ ಫ್ಯಾನು ತಿರುಗಬೇಕು. ತಿರುಗದಿದ್ದರೆ ತಿಥಿ. ಈ ಘಟ್ಟದಲ್ಲಿ ಅಕ್ಕ ಅಡುಗೆಮನೆಯಿಂದಲೇ ‘ರೀ, ಶಾಕು!’ ಅಂತ ಕೂಗುವುದು ರೂಢಿ. ಇನ್ನು ಗಡಿಯಾರ ಹಿಂದಕ್ಕೆ ಹೋಗಿ, ಕಂಪ್ಯೂಟರು ತಾನು ಯಾವುದೋ ಓಬೀರಾಯನ ಕಾಲದ ಜನವರಿ 1ರಲ್ಲಿ ಇದ್ದೇನೆ ಅಂದುಕೊಂಡು ಬ್ಯಾಂಕಿನ ಸೈಟನ್ನೇ ತೆರೆಯಲು ಒಪ್ಪದಿದ್ದರೆ, ಬೋರ್ಡಿನ ಮೇಲಿನ ಮೂರು ವೋಲ್ಟಿನ ಬಿಲ್ಲೆ ಸೆಲ್ಲು, ಸಿಆರ್2032, ಬದಲಾಯಿಸಬೇಕು. ಇದಿಷ್ಟರಲ್ಲಿ ಭಾವನ ಕೈ ತಪ್ಪುವುದಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ಊರಲ್ಲಿ ಒಂದು ಸನ್ಮಾನ ಮಾಡಿಸಬಹುದಿತ್ತು.

ತೊಂದರೆ ಇರುವುದು, ಪರದೆ ಬಂದು, ವಿಂಡೋಸ್ ಮಾತ್ರ ಬರದೆ ಬಿಳಿ ಚುಕ್ಕೆಗಳು ಸುತ್ತುತ್ತಾ ಕೂತಾಗ. ಹಿಂದೆ ಎಫ್8 ಕುಟ್ಟಿದರೆ ಸೇಫ್ ಮೋಡ್ ಸಿಗುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಆ ಬಾಗಿಲನ್ನು ಮುಚ್ಚಿಟ್ಟರು. ಈಗಿನ ದಾರಿ ಬೇರೆ: ಸ್ಟಾರ್ಟ್ ಆಗುತ್ತಿರುವಾಗಲೇ ಪವರ್ ಕಿತ್ತು ಮತ್ತೆ ಹಾಕಬೇಕು; ಹೀಗೆ ಒಂದೆರಡು ಸಲ ಕೆಡಿಸಿದರೆ ಅದೇ ಗಾಬರಿಯಾಗಿ ರಿಪೇರಿ ಮೆನು ತೋರಿಸುತ್ತದೆ. ಅಂದರೆ, ಕಂಪ್ಯೂಟರ್ ತಡಮಾಡಿದರೆ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದ ಅಜ್ಜಿ, ಅಷ್ಟು ವರ್ಷ ಎಲ್ಲರ ಕೈಲೂ ಬೈಸಿಕೊಂಡವರು, ಕಾಲಕ್ಕಿಂತ ಸ್ವಲ್ಪ ಮುಂದಿದ್ದರು.

ಭಾವನಿಗೆ ಈ ಮೆನು, ಗಿನು ಸೇರದು. ಅವರು ಪೆನ್ ಡ್ರೈವ್ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು, ಆ ಪ್ರಶ್ನೆ ಕೇಳುತ್ತಾರೆ.

‘ಸಿ ಡ್ರೈವ್‌ನಲ್ಲಿ ಏನೂ ಇಲ್ಲ ತಾನೇ?’

ಮನೆಯವರು ಮುಖಮುಖ ನೋಡಿಕೊಳ್ಳುತ್ತಾರೆ. ಸಿ ಡ್ರೈವ್ ಎಂಬುದನ್ನು ಯಾರೂ ಕಂಡವರಲ್ಲ. ‘ಏನೂ ಇಲ್ಲ ಭಾವ.’

‘ಹಾಗಾದ್ರೆ ಫಾರ್ಮ್ಯಾಟ್ ಮಾಡ್ಬಿಡೋಣ.’

ತಿಂಡಿ ಮುಗಿಯುವ ಹೊತ್ತಿಗೆ ಕಂಪ್ಯೂಟರು ಎಣ್ಣೆ ನೀರು ಹಾಕಿಕೊಂಡು ಕೂತಿರುತ್ತದೆ. ಎಲ್ಲರಿಗೂ ಖುಷಿ. ಆಗ ಮಗಳು, ‘ಡೆಸ್ಕ್‌ಟಾಪ್ ಮೇಲೆ ಅಣ್ಣನ ಮದುವೆ ಫೋಟೋ ಇತ್ತಲ್ಲ, ಎಲ್ಲಿ ಮಾವ?’

‘ಡೆಸ್ಕ್‌ಟಾಪು ಸಿ ಡ್ರೈವ್‌ನಲ್ಲೇ ಇರೋದು ಪುಟ್ಟಿ. ನಾನು ಕೇಳ್ಲಿಲ್ವಾ?’

ಕೇಳಿದ್ದರು. ಅಲ್ಲಿಗೆ ಮಾತು ಮುಗಿಯಿತು. ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದ್ದರೆ, ಇಲ್ಲವೇ ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿದ್ದರೆ ಫೋಟೋಗಳನ್ನೆಲ್ಲ ಮೊದಲೇ ಎತ್ತಿಡಬಹುದಿತ್ತು. ಈಗಲೂ ಏನನ್ನೂ ಬರೆಯದೆ ಸುಮ್ಮನೆ ಬಿಟ್ಟರೆ, ರಿಕವರಿ ಸಾಫ್ಟ್‌ವೇರಿಗೆ ಅಷ್ಟೋ ಇಷ್ಟೋ ಸಿಕ್ಕೀತು. ಇದನ್ನೆಲ್ಲ ಭಾವನಿಗೆ ಹೇಳುವವರು ಯಾರು? ಅವರು ಕಾಸು ಮುಟ್ಟುವವರಲ್ಲ. ಅಂಗಡಿಯವನಾದರೆ ಐನೂರು ಇಸಿದುಕೊಂಡದ್ದಕ್ಕೆ ನಾಲ್ಕು ಮಾತು ಅನ್ನಬಹುದು. ಬಿಟ್ಟಿ ಮಾಡಿಕೊಟ್ಟವರಿಗೆ ಇನ್ನೊಂದು ದೋಸೆ ಹಾಕುವುದಷ್ಟೇ ದಾರಿ. ಅವರ ಬಲವೆಲ್ಲ ಸ್ಕ್ರೂಡ್ರೈವರಿನಲ್ಲಿ ಇಲ್ಲ, ಈ ಬಿಟ್ಟಿಯಲ್ಲಿದೆ ಅಂತ ನನ್ನ ಗುಮಾನಿ.

ಡಿ ಡ್ರೈವ್ ಉಳಿದಿದ್ದ ಒಂದು ಸಲದ್ದಂತೂ ಬಳಗದ ಪುರಾಣಕ್ಕೆ ಸೇರಿದೆ. ದೊಡ್ಡಪ್ಪ ಗೃಹನಿರ್ಮಾಣ ಸಂಘದ ನಡಾವಳಿಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅದರಲ್ಲಿ ಇಟ್ಟಿದ್ದರು. ಫಾರ್ಮ್ಯಾಟ್ ಆದ ಮೇಲೆ ತೆರೆದು ನೋಡಿದರೆ ಕನ್ನಡವೇ ಮಾಯ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಟೋಪಿ, ಚುಕ್ಕೆ. ಹಳೆಯ ನುಡಿ ಫಾಂಟು ಹೋಗಿತ್ತು, ಮತ್ತೆ ಹಾಕಿದರೆ ಸಂಘ, ಸದಸ್ಯರು, ಬಾಕಿದಾರರು ಎಲ್ಲ ಎದ್ದು ಬರುತ್ತಿದ್ದರು. ಭಾವ ಬಗ್ಗಿ ನೋಡಿ, ‘ವೈರಸ್ಸು. ಡಿ ಡ್ರೈವಿಗೂ ಹತ್ತಿದೆ’ ಅಂದರು. ಮುಂದಿನದನ್ನು ಹೇಳಬೇಕಾಗಿಲ್ಲ. ಬಾಕಿದಾರರು ಮಾತ್ರ ಇವತ್ತಿಗೂ ಭಾವನನ್ನು ಕಂಡರೆ ನಿಂತು ನಮಸ್ಕಾರ ಮಾಡುತ್ತಾರೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಭಾವ ಟಿವಿ ಮುಂದಿನಿಂದ ಏಳಲಿಲ್ಲ. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದರೆ ಸಾಕು, ಒಂದೊಂದೇ ಯಂತ್ರದ ಮುಂದೆ ಕೂತು ಮಾಡಬೇಕು ಅಂತ ಗೊತ್ತಾದಾಗ ಅವರ ಮುಖ ಅರಳಿತು. ಒಂದೊಂದೇ ಯಂತ್ರ, ಒಬ್ಬೊಬ್ಬ ಭಾವ! ಆದರೆ ಎಲ್ಲೂ ಯಾರೂ ಫಾರ್ಮ್ಯಾಟ್ ಮಾತೆತ್ತಲಿಲ್ಲ ಎಂಬ ಕೊರಗು ರಾತ್ರಿ ಊಟದವರೆಗೂ ಇತ್ತು.

ಈಚೆಗೆ ಅವರಿಗೆ ಕಷ್ಟಕಾಲ. ಸೋದರಳಿಯನ ಹೊಸ ಲ್ಯಾಪ್‌ಟಾಪಿನಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಉಜ್ಜಲು ಹಲ್ಲಿಲ್ಲ. ಹಠ ಬಿಡದೆ ಬಯಾಸಿಗೆ ನುಗ್ಗಿ ಅದೇನನ್ನೋ ಬದಲಿಸಿದರು. ಮರುಕ್ಷಣ ಬಿಟ್‌ಲಾಕರ್ ಎಂಬುದು ನೀಲಿ ಪರದೆಯಲ್ಲಿ ಬಂದು, 48 ಅಂಕಿಯ ರಿಕವರಿ ಕೀ ಹೇಳಿ, ಇಲ್ಲದಿದ್ದರೆ ಬಾಗಿಲು ತೆಗೆಯಲ್ಲ ಅಂದಿತು. ಅಳಿಯ ಮೊಬೈಲಿನಲ್ಲಿ ತನ್ನ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಅದನ್ನು ಹುಡುಕಿ ಓದಿದ, ಭಾವ ಆರಾರರ ಎಂಟು ಗುಂಪನ್ನೂ ದುಂಡಗೆ ಬರೆದುಕೊಂಡರು, ಲ್ಯಾಪ್‌ಟಾಪು ಎದ್ದಿತು. ‘ಇಂಥದ್ದನ್ನೆಲ್ಲ ಕಳ್ಕೋಬಾರದು ಕಣೋ, ಭದ್ರವಾಗಿರಬೇಕು’ ಅಂದವರು, ಆ ನಲವತ್ತೆಂಟೂ ಅಂಕಿಯನ್ನು ಹಾಲಿನಲ್ಲಿ ತೂಗುಹಾಕಿರುವ ಕ್ಯಾಲೆಂಡರಿನ ಮೇಲೆ, ಅಕ್ಕ ಬರೆದಿಟ್ಟ ಹಾಲಿನ ಲೆಕ್ಕದ ಪಕ್ಕದಲ್ಲೇ, ಕೆಂಪು ಸ್ಕೆಚ್ ಪೆನ್ನಿನಲ್ಲಿ ತಿದ್ದಿ ಬರೆದಿದ್ದಾರೆ. ತಿಂಗಳ ಕೊನೆಗೆ ಬಂದ ಹಾಲಿನವನು ಕ್ಯಾಲೆಂಡರ್ ನೋಡಿ, ‘ಅಷ್ಟೊಂದು ಆಗಿಲ್ಲ ಸ್ವಾಮಿ’ ಅಂದನಂತೆ.