ಗೋಣು ಹಿಡಿದ ಸಾವ್ಕಾರ

ಗಂಗಾವತಿಯ ಭತ್ತದ ದಲಾಲರಿಗೆ ದೇವರು ಕೊಟ್ಟ ಎರಡು ಕೈ ಸಾಲುವುದಿಲ್ಲ. ಒಂದು ಬೈಕಿನ ಹ್ಯಾಂಡಲ್ಲಿಗೆ, ಇನ್ನೊಂದು ತೊಡೆಯ ಮೇಲಿನ ಸ್ಯಾಂಪಲ್ ಚೀಲಕ್ಕೆ. ಮೊಬೈಲು ಬಲಗಿವಿಗೂ ಬಲಹೆಗಲಿಗೂ ನಡುವೆ ಸಿಕ್ಕಿಕೊಂಡು, ರೇಟು ಮಾತಾಡುತ್ತ, ಕಾರಟಗಿಯವರೆಗೂ ಹೋಗುತ್ತದೆ. ವರ್ಷದ ಎರಡು ಸುಗ್ಗಿಗೂ ಸರಿಯಾಗಿ ಈ ಸಾವ್ಕಾರರಿಗೆ ಗೋಣು ಹಿಡಿಯುತ್ತದೆ. ಆಗ ಹಿಂದಿನಿಂದ ಯಾರಾದರೂ ಕರೆದರೆ, ತೇರು ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸುತ್ತಾರೆ; ಸನ್ನೆಗೋಲು ಹಾಕುವವರೊಬ್ಬರು ಕಡಿಮೆ. ಏನಾಯಿತೆಂದು ಕೇಳಿದರೆ, “ಯಲಬುರ್ಗಾದಾಗ ಬೀಗರ ಮನಿ ತಲಿದಿಂಬು ಭಾಳ ಎತ್ತರಿತ್ರಿ” ಎನ್ನುತ್ತಾರೆ. ದಿಂಬಲ್ಲವಾದರೆ ವಾಯು, ಅದೂ ಅಲ್ಲವಾದರೆ ಯಾರದೋ ಕಣ್ಣು. ದಿನವೆಲ್ಲ ಹೆಗಲೇರಿ ಕೂತ ಮೊಬೈಲಿನ ಹೆಸರು ಮಾತ್ರ ಈ ಆರೋಪಿಗಳ ಪಟ್ಟಿಗೆ ಬರುವುದೇ ಇಲ್ಲ.

ದಿಂಬು ಪೂರ್ತಿ ನಿರಪರಾಧಿ ಎಂದೇನಲ್ಲ. ತೀರಾ ಎತ್ತರದ್ದಾದರೆ ರಾತ್ರಿಯೆಲ್ಲ ಕತ್ತನ್ನು ಬಗ್ಗಿಸಿಯೇ ಇಡುತ್ತದೆ. ಆದರೆ ಬೀಗರ ಮನೆಯ ಒಂದು ರಾತ್ರಿಯ ಮೇಲೆ ವರ್ಷದ ಪಾಪವನ್ನೆಲ್ಲ ಹೊರಿಸುವುದು ಬೀಗತನಕ್ಕೂ ಒಳ್ಳೆಯದಲ್ಲ. ಸುಮಾರು 5 ಕಿಲೋ ತೂಗುವ ತಲೆಯನ್ನು ಕತ್ತಿನ ಏಳು ಮಣಿಗಳೂ ಸುತ್ತಲಿನ ಸ್ನಾಯುಗಳೂ ಹೊರಬೇಕು. ತಲೆಯನ್ನು ಮುಂದಕ್ಕೆ 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋದಷ್ಟು ಭಾರ ಬೀಳುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು. ಸೋನಾಮಸೂರಿಯ ಒಂದು ಪ್ಯಾಕೆಟ್ಟನ್ನೇ ಕೊರಳಿಗೆ ನೇತುಹಾಕಿಕೊಂಡ ಹಾಗಾಯಿತು. ಅದು ಬರೀ ಕಂಪ್ಯೂಟರ್ ಲೆಕ್ಕ, ಬಗ್ಗಿದವರಿಗೆಲ್ಲ ನೋವು ಬರುವುದಿಲ್ಲ ಎನ್ನುವ ಸಂಶೋಧಕರೂ ಇದ್ದಾರೆ, ಒಪ್ಪೋಣ. “ಹಂಗಾರ ಚೀಲ ಹೊರೋ ಹಮಾಲರಿಗೆ ಯಾಕ ಗೋಣು ಹಿಡಿಯೂದಿಲ್ಲ?” ಎಂದು ಸಾವ್ಕಾರರು ಕೇಳಬಹುದು. ಹಿಡಿಯುತ್ತದೆ; ಅವರಿಗೆ ಅದನ್ನು ಹೇಳಿಕೊಳ್ಳಲು ಗಾದಿ ಇಲ್ಲ, ಅಷ್ಟೆ. ಕುಷ್ಟಗಿ ತಾಲೂಕಿನ ನೇಕಾರರ ಕತ್ತು ಮೊಬೈಲು ಹುಟ್ಟುವ ಮೊದಲೇ ಮಗ್ಗದ ಮುಂದೆ ನೋಯುತ್ತಿತ್ತು. ಹಾಗೆ ನೋಡಿದರೆ ತಪ್ಪು ಮೊಬೈಲಿನದೂ ಅಲ್ಲ, ತಾಸುಗಟ್ಟಲೆ ಒಂದೇ ಕಡೆ ವಾಲಿ ಕದಲದೆ ಇರುವ ಗೋಣಿನದು.

ಹೀಗೆ ಅಲ್ಲಾಡದೆ ಹಿಡಿದ ಗೋಣಿಗೆ ಮೆಲ್ಲಗೆ ಅಲ್ಲಾಡಿಸುವುದೇ ಮದ್ದು. ಬಿಸಿನೀರಿನ ಬಟ್ಟೆ ಇಟ್ಟು, ನೋವು ತಾಳುವಷ್ಟೇ ಎಡಬಲ ತಿರುಗಿಸಿ, ಮೊಬೈಲನ್ನು ಹೆಗಲಿನಿಂದ ಇಳಿಸಿ, ನೋಡುವಾಗ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಸಾಮಾನ್ಯ ನೋವು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಸಾವ್ಕಾರರಿಗೆ ಬೇಕಾದದ್ದು ಕೊರಳಪಟ್ಟಿ. ಅದನ್ನು ಕಟ್ಟಿಕೊಂಡವರಿಗೆ ಮದುವೆ ಮನೆಯಲ್ಲಿ ಮುಂದಿನ ಕುರ್ಚಿ ಖಾತ್ರಿ. ಹಗಲಿರುಳು ಕಟ್ಟಿಕೊಂಡರೆ ಕತ್ತು ಇನ್ನಷ್ಟು ಬಿಗಿಯುವುದೂ ಖಾತ್ರಿ. ನಾಲ್ಕನೆಯ ದಿನ ಕಟಿಂಗ್ ಅಂಗಡಿಯಲ್ಲಿ ಲಟಕ್ ಅನ್ನಿಸಿಕೊಳ್ಳುತ್ತಾರೆ. ಆ ಸದ್ದು ಎಲುಬು ಕೂತದ್ದರದಲ್ಲ, ಕೀಲಿನೊಳಗಿನ ಗಾಳಿಯ ಗುಳ್ಳೆಯದು. ಅಪರೂಪಕ್ಕೆ ಆ ತಿರುವು ಮಿದುಳಿಗೆ ಹೋಗುವ ರಕ್ತನಾಳವನ್ನೇ ಸೀಳಿ ಲಕ್ವಾ ತಂದದ್ದುಂಟು. ಕೈ ಜೋಮು ಹಿಡಿದರೆ, ಬಲ ಕುಂದಿದರೆ, ಜ್ವರದ ಜೊತೆ ಕತ್ತು ಬಿಗಿದರೆ, ಬೈಕಿನಿಂದ ಬಿದ್ದಮೇಲೆ ನೋವು ಬಂದರೆ ದಾರಿ ಕಟಿಂಗ್ ಅಂಗಡಿಗಲ್ಲ, ಕೊಪ್ಪಳದ ದೊಡ್ಡಾಸ್ಪತ್ರೆಗೆ. “ಲಟಕ್ ಅಂದಮ್ಯಾಗ ಆರಾಮಾತಲ್ರಿ!” ಎಂಬುದು ಅವರ ಕೊನೆಯ ವಾದ. ಐದನೆಯ ದಿನಕ್ಕೆ ತಾನಾಗಿಯೇ ಬಿಡಲಿದ್ದ ಗೋಣನ್ನು ನಾಲ್ಕನೆಯ ದಿನ ತಿರುವಿದವನಿಗೆ ಹೆಸರು ಬಂತು. ಈ ಪವಾಡವನ್ನು ಅವರು ಬೀಗರಿಗೆ ಫೋನಿನಲ್ಲಿ ವರ್ಣಿಸುತ್ತಿದ್ದಾರೆ. ಬೈಕು ಓಡುತ್ತಿದೆ, ಮೊಬೈಲು ಈ ಸಲ ಎಡಹೆಗಲಿನ ಮೇಲಿದೆ.