ನಮ್ಮ ಸೊಸೈಟಿಯ ಪೈಲಟ್

ಕಾಂದಿವಲಿಯ ಠಾಕೂರ್ ವಿಲೇಜ್‌ನಲ್ಲಿ ಹುಡುಗನೊಬ್ಬ ಸಿ.ಎ. ಪಾಸಾದರೆ ಪೇಢಾ ಹಂಚುತ್ತಾರೆ, ವಾರದಲ್ಲಿ ಮರೆಯುತ್ತಾರೆ. ಪೈಲಟ್ ಆದನೋ, ಅವನು ಇಡೀ ಸೊಸೈಟಿಯ ಸ್ವತ್ತು. ನನ್ನ ಅಕ್ಕನ ಮಗನಿಗೆ ಹಾಗೇ ಆಯಿತು. ಯೂನಿಫಾರ್ಮ್ ಹಾಕಿ ಮೊದಲ ಸಲ ಕೆಳಗಿಳಿದಾಗ ಮೂರನೇ ಮಾಳಿಗೆಯ ಆಂಟಿ ಅವನ ಹೆಗಲನ್ನೇ ದಿಟ್ಟಿಸಿ, "ಸಿನಿಮಾದಲ್ಲಿ ನಾಲ್ಕು ಪಟ್ಟಿ ಇರುತ್ತಲ್ಲ, ಟೈಲರ್ ಮರೆತನೇ?" ಎಂದರು. ನಾಲ್ಕು ಪಟ್ಟಿ ಕ್ಯಾಪ್ಟನ್‌ಗೆ ಮಾತ್ರ, ಎಡಗಡೆಯ ಸೀಟೂ ಅವರದೇ, ತಾನು ಬಲಗಡೆ ಕೂರುವ ಕೋ-ಪೈಲಟ್ ಎಂದು ಪಾಪ, ಲಿಫ್ಟಿನ ಬಾಗಿಲು ಹಿಡಿದುಕೊಂಡೇ ವಿವರಿಸಿದ. ಆಂಟಿಯ ಮುಖ ಸಪ್ಪಗಾಯಿತು.

ಆ ಬಲಗಡೆಯ ಸೀಟಿಗೆ ಬರುವಷ್ಟರಲ್ಲೇ ಭಾವನ ಅರ್ಧ ತಲೆ ಬೆಳ್ಳಗಾಗಿತ್ತು. ಪಿಯುಸಿಯಲ್ಲಿ ಫಿಸಿಕ್ಸು, ಮ್ಯಾಥ್ಸು. ಆಮೇಲೆ ನ್ಯಾವಿಗೇಷನ್ನು, ಹವಾಮಾನ, ವಾಯುಯಾನದ ನಿಯಮಗಳು ಅಂತ ಪರೀಕ್ಷೆಗಳು. ಕಣ್ಣು, ಕಿವಿ, ಹೃದಯವನ್ನೆಲ್ಲ ಜಾಲಾಡುವ ಮೆಡಿಕಲ್ಲು. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಹೋಟೆಲಿನ ಲೆಕ್ಕದಲ್ಲೇ ಬೆಳೆದ ಭಾವ, "ದಿನಕ್ಕೆ 24 ಗಂಟೆ ಅಂದರೆ ಒಂಬತ್ತು ದಿನವೂ ಆಗಲಿಲ್ಲವಲ್ಲ!" ಎಂದು ನಿರಾಳರಾಗಿದ್ದರು. ಮಳೆ ಬಂದರೆ ಹಾರಾಟವಿಲ್ಲ, ಮಂಜು ಮುಸುಕಿದರೆ ಇಲ್ಲ, ವಿಮಾನ ರಿಪೇರಿಗೆ ಹೋದರೆ ಇಲ್ಲ. ಆ ಒಂಬತ್ತು ದಿನ ಮುಗಿಯಲು ಎರಡು ವರ್ಷ ಹಿಡಿಯಿತು. ಲೈಸೆನ್ಸ್ ಬಂದಮೇಲೆ ಏರ್‌ಬಸ್ ಎ-320 ನಡೆಸಲು ಟೈಪ್ ರೇಟಿಂಗ್ ಬೇರೆ, ಅದಕ್ಕೆ ಮತ್ತಷ್ಟು ಲಕ್ಷ. ಚಾರ್ಕೋಪ್‌ನ ಫ್ಲ್ಯಾಟು ಬ್ಯಾಂಕಿನ ಪಾಲಾಗದೆ ಉಳಿದದ್ದು ದೇವರ ದಯೆ.

ಇಷ್ಟಾಗಿಯೂ ನೌಕರಿ ಕಾದು ಕುಳಿತಿರುತ್ತದೆ ಎನ್ನುವಂತಿಲ್ಲ. 2012ರಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಪ್ರತಿ ಸಲವೂ ಸಾವಿರಾರು ಗಂಟೆ ಹಾರಿದವರೇ ಕೆಲಸ ಹುಡುಕಿಕೊಂಡು ಸಾಲಿಗೆ ಬಂದರು. 200 ಗಂಟೆಯವನು ಅವರ ಬೆನ್ನು ನೋಡುತ್ತ ನಿಲ್ಲಬೇಕು. ನಮ್ಮ ಹುಡುಗ ನಿಂತ. ಆ ಕಾಲದಲ್ಲಿ ಆಂಟಿ ಅವನ ಕಡೆ ತಿರುಗಿಯೂ ನೋಡಿರಲಿಲ್ಲ.

ಕೆಲಸ ಸಿಕ್ಕಿದ ದಿನದಿಂದ ಫೋನು ಶುರು. ಊರಿನ ಕೋಲಕ್ಕೆ, ಮದುವೆಗೆ, ಗೃಹಪ್ರವೇಶಕ್ಕೆ ಹೋಗುವವರಿಗೆಲ್ಲ ಅವನು ಫ್ರೀ ಟಿಕೆಟಿನ ಕೌಂಟರು. ರಿಯಾಯಿತಿ ಸಿಗುವುದು ಅಪ್ಪ ಅಮ್ಮನಿಗೆ, ಅದೂ ಸೀಟು ಖಾಲಿ ಉಳಿದರೆ ಎಂದರೆ ಯಾರೂ ನಂಬುವುದಿಲ್ಲ. 1932ರಲ್ಲಿ ಕರಾಚಿಯಿಂದ ಇಲ್ಲೇ ಜುಹೂವಿಗೆ ಹಾರಿಬಂದ ಜೆ.ಆರ್.ಡಿ. ಟಾಟಾ ಅದೃಷ್ಟವಂತರು, ಅವರ ಜೊತೆ ಇದ್ದದ್ದು ಟಪಾಲಿನ ಚೀಲಗಳು, ಅವು ಟಿಕೆಟ್ ಕೇಳುವುದಿಲ್ಲ. ದೊಡ್ಡಮ್ಮನ ಆಸೆ ಇನ್ನೂ ಒಂದು ಕೈ ಮೇಲೆ: "ನನ್ನನ್ನು ಬಜ್ಪೆಯಲ್ಲಿ ನೀನೇ ಇಳಿಸಬೇಕು ಮಗಾ." ಮಂಗಳೂರಿನ ಬಜ್ಪೆಯದು ಗುಡ್ಡದ ನೆತ್ತಿಯ ಟೇಬಲ್‌ಟಾಪ್ ರನ್‌ವೇ. ಅಲ್ಲಿ ವಿಮಾನ ಇಳಿಸುವುದು ಕ್ಯಾಪ್ಟನ್ನರ ಕೆಲಸ, ಕೋ-ಪೈಲಟ್ ಕೈ ಹಾಕುವಂತಿಲ್ಲ. ಇದನ್ನು ಕೇಳಿದ ದೊಡ್ಡಮ್ಮ ಮತ್ಸ್ಯಗಂಧಾ ರೈಲಿಗೆ ಟಿಕೆಟ್ ಮಾಡಿಸಿದರು.

ದಿನಚರಿಯೋ, ಹಾಲಿನವನು ಏಳುವ ಮುಂಚೆ ಶುರು. ರಾತ್ರಿ ಎರಡೂವರೆಗೆ ಕ್ಯಾಬು ಗೇಟಿಗೆ ಬರುತ್ತದೆ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಖಾಲಿ ಕಾಣುವ ಭಾಗ್ಯ ಕಾಂದಿವಲಿಯಲ್ಲಿ ಇವನೊಬ್ಬನಿಗೇ ಇರಬೇಕು. ಹಾರುವ ಮುಂಚೆ ಉಸಿರು ಊದಿ ಕುಡಿದಿಲ್ಲವೆಂದು ತೋರಿಸಬೇಕು. ಆಲ್ಕೋಹಾಲ್ ಇರುವ ಮೌತ್‌ವಾಶ್‌ನಲ್ಲಿ ಬಾಯಿ ಮುಕ್ಕಳಿಸಿದರೂ ತಪ್ಪೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಿಯಮವಿದೆ. ಊಟ ಕೆಟ್ಟರೆ ಇಬ್ಬರೂ ಒಟ್ಟಿಗೆ ಮಲಗಬಾರದೆಂದು ಕ್ಯಾಪ್ಟನ್ ತಿಂದದ್ದನ್ನು ಕೋ-ಪೈಲಟ್ ತಿನ್ನುವ ರೂಢಿಯಿಲ್ಲ. ಮೊದಲು ಆರಿಸುವವರು ಯಾರೆಂದು ನಾನು ಕೇಳಲಿಲ್ಲ, ಅವನ ಮುಖದಲ್ಲೇ ಬರೆದಿತ್ತು.

ಇದನ್ನೆಲ್ಲ ಭಾವನಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರಿಲ್ಲ. ಅವರು ಹದಿನಾಲ್ಕರ ವಯಸ್ಸಿಗೆ ಊರು ಬಿಟ್ಟು ಬಂದವರು. "ನಾನು ಕ್ಲೀನರ್ ಆಗಿ ಟೇಬಲ್ ಒರೆಸಿದೆ, ಆಮೇಲೆ ಸಪ್ಲೈಯರ್ ಆದೆ, ಗಲ್ಲಾದಲ್ಲಿ ಕೂತದ್ದು ಎಷ್ಟೋ ವರ್ಷದ ಮೇಲೆ. ಇವನದೂ ಅದೇ, ಎ.ಸಿ. ಇದೆ ಅಷ್ಟೆ" ಎನ್ನುತ್ತಾರೆ. ಮಾತು ಸರಿ. ಕ್ಯಾಪ್ಟನ್ ಆಗಲು 1500 ಗಂಟೆ ಹಾರಿ ಎಟಿಪಿಎಲ್ ಲೈಸೆನ್ಸ್ ಪಡೆಯಬೇಕು, ಆಮೇಲೂ ಎಡಗಡೆಯ ಸೀಟು ಖಾಲಿಯಾಗಬೇಕು, ಸೀನಿಯಾರಿಟಿಯಲ್ಲಿ ಸರದಿ ಬರಬೇಕು. ಹುಡುಗನಿಗೆ ಇದು ಗೊತ್ತು, ಬೇಸರವೂ ಇಲ್ಲ. "ಮಾವ, ಮೋಡದ ಮೇಲೆ ಬೆಳಗಾಗುವುದನ್ನು ನೋಡಲು ಸಂಬಳ ಕೊಡುತ್ತಾರೆ, ಸಾಲದ ಕಂತಿಗೆ ಅದು ಸಾಕಾಗುತ್ತದೆ" ಎನ್ನುತ್ತಾನೆ. ತಾಳ್ಮೆ ಇಲ್ಲದಿರುವುದು ಉಳಿದವರಿಗೆ.

ಪೈಲಟ್‌ಗಳ ವಾರದ ಬಿಡುವನ್ನು ಡಿಜಿಸಿಎ 36 ಗಂಟೆಯಿಂದ 48ಕ್ಕೆ ಏರಿಸಿದೆ. ಆ ಸುತ್ತೋಲೆ ನಮ್ಮ ಸೊಸೈಟಿಗೆ ತಲುಪಿಲ್ಲ. ನಿಮ್ಮ ಕಟ್ಟಡದಲ್ಲೂ ಹೊಸ ಪೈಲಟ್ ಇದ್ದರೆ ದಯವಿಟ್ಟು ಮಟಮಟ ಮಧ್ಯಾಹ್ನ ಬೆಲ್ ಬಾರಿಸಬೇಡಿ. ಮಗಳ ಜಾತಕ ಕೊಡುವುದಿದ್ದರೆ ವಾಚ್‌ಮನ್ ಕೈಯಲ್ಲಿ ಕೊಟ್ಟು ಹೋಗಿ. ಸಾಲದ ಕಂತು ಇನ್ನೆಷ್ಟು ಬಾಕಿ ಎಂಬುದನ್ನೂ ಅವನೇ ಹೇಳುತ್ತಾನೆ.